ಹಂಗೇರಿಯನ್‌ಗೆ ಹಳದಿ ಬಣ್ಣ, ಸಂತಾಲಿಗೆ ಜಾಗವೇ ಇಲ್ಲ: ಭಾಷೆಗಳ ನಕಾಶೆಯನ್ನು ಹೇಗೆ ಬರೆಯಬೇಕು?

ಶಾಲೆಯಂಗಳ:
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯ ಪಡಸಾಲೆಯ ಗೋಡೆಯ ಮೇಲೆ ಒಂಬತ್ತನೇ ತರಗತಿಯ ಮಕ್ಕಳು ಪ್ರಪಂಚದ ಭಾಷೆಗಳ ನಕಾಶೆ ಬರೆಯುತ್ತಿದ್ದಾರೆ. ಮಾದರಿಗೆಂದು ಅಂಗಡಿಯಿಂದ ತಂದ ಅಚ್ಚಿನ ನಕಾಶೆಯಲ್ಲಿ ಹಂಗೇರಿಯನ್ ಭಾಷೆಗೆ ಯುರೋಪಿನ ನಡುಮಧ್ಯೆ ಅಚ್ಚುಕಟ್ಟಾದ ಹಳದಿ ತೇಪೆಯೊಂದಿದೆ, ಆದರೆ ಸಂತಾಲಿಯ ಹೆಸರೇ ಅದರಲ್ಲಿಲ್ಲ. ಜಾರ್ಖಂಡ್ ಪೂರ್ತಿ ಹಿಂದಿಯ ಬಣ್ಣ, ಅದರ ಪಕ್ಕ ಬಂಗಾಳಿ, ಕೆಳಗೆ ಒಡಿಯ. ಬಣ್ಣ ಕಲಸುತ್ತಿದ್ದ ಹುಡುಗಿಯೊಬ್ಬಳು, "ರಾಷ್ಟ್ರಪತಿಯವರು ಸಂತಾಲ ಸಮುದಾಯದವರು ಅಂತ ನೀವೇ ಪಾಠ ಮಾಡಿದ್ರಲ್ಲ ಮಿಸ್, ಅವರ ಭಾಷೆ ಇದರಲ್ಲಿ ಎಲ್ಲಿದೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ಎರಡು ಭಾಷೆಗಳನ್ನು ನಿಜವಾಗಿ ಎಲ್ಲೆಲ್ಲಿ ಆಡುತ್ತಾರೆ, ಒಂದಕ್ಕೆ ತೇಪೆ ಸಿಕ್ಕಿ ಇನ್ನೊಂದು ಅಳಿಸಿಹೋಗಲು ಕಾರಣವೇನು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಶನಿವಾರದೊಳಗೆ ಗೋಡೆಯ ಆ ಭಾಗವನ್ನು ಮುಗಿಸಬೇಕಾಗಿದೆ.

ಅಂಕಿಅಂಶ:
ಮೊದಲು ಲೆಕ್ಕ ಮುಂದಿಡುತ್ತೇನೆ ಮೇಡಂ, ವಾದ ಆಮೇಲೆ ಆಗಲಿ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸಂತಾಲಿ ಆಡುವವರು 73 ಲಕ್ಷ 68 ಸಾವಿರ. ಕರ್ಮಾಲಿ, ಮಹಿಲಿ ಎಂದು ಬರೆಸಿದವರೂ ಈ ಲೆಕ್ಕದೊಳಗೇ ಸೇರಿದ್ದಾರೆ. ಜಾರ್ಖಂಡಿನಲ್ಲಿ ಸುಮಾರು 33 ಲಕ್ಷ, ಪಶ್ಚಿಮ ಬಂಗಾಳದಲ್ಲಿ 24 ಲಕ್ಷ, ಒಡಿಶಾದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು, ಬಿಹಾರದಲ್ಲಿ ನಾಲ್ಕೂವರೆ ಲಕ್ಷ, ಅಸ್ಸಾಮಿನಲ್ಲಿ ಎರಡು ಲಕ್ಷ. ಇದಲ್ಲದೆ ನೇಪಾಳದ ಝಾಪಾ ಮತ್ತು ಮೊರಂಗ್ ಜಿಲ್ಲೆಗಳಲ್ಲಿ, ಬಾಂಗ್ಲಾದೇಶದ ವಾಯವ್ಯ ಭಾಗದ ದಿನಾಜ್‌ಪುರ, ರಾಜಶಾಹಿ, ರಂಗ್‌ಪುರ ಕಡೆಗಳಲ್ಲಿಯೂ ಇದ್ದಾರೆ.

ಹಂಗೇರಿಯನ್ ಆಡುವವರು ಒಟ್ಟು ಸುಮಾರು 1 ಕೋಟಿ 30 ಲಕ್ಷ. ಹಂಗೇರಿ ದೇಶದ ಜನಸಂಖ್ಯೆಯೇ 96 ಲಕ್ಷದಷ್ಟು, ವಿಸ್ತೀರ್ಣ 93,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ನೆರೆಯ ದೇಶಗಳಲ್ಲಿ ಹಂಗೇರಿಯನ್ನರೆಂದು ಬರೆಸಿದವರ ಸಂಖ್ಯೆ ರೊಮೇನಿಯದಲ್ಲಿ 2021ರಲ್ಲಿ ಸುಮಾರು 10 ಲಕ್ಷ, ಸ್ಲೊವಾಕಿಯದಲ್ಲಿ ಅದೇ ವರ್ಷ 4.2 ಲಕ್ಷ, ಸರ್ಬಿಯದಲ್ಲಿ 2022ರಲ್ಲಿ 1.8 ಲಕ್ಷ. ಉಕ್ರೇನಿನಲ್ಲಿ 2001ರ ಗಣತಿಯಂತೆ ಒಂದೂವರೆ ಲಕ್ಷ.

ಸಂದೇಹಿ:
ಲೆಕ್ಕಕ್ಕೆ ಧನ್ಯವಾದಗಳು. ಆದರೆ ಉತ್ತರ ಇಷ್ಟು ಅಂಕಿಗಳನ್ನು ಬೇಡುವುದಿಲ್ಲ. ಹಂಗೇರಿಯನ್ನರಿಗೆ ಸ್ವಂತ ದೇಶವಿದೆ, ಸಂತಾಲರಿಗೆ ಇಲ್ಲ. ನಕಾಶೆ ಅಚ್ಚು ಹಾಕುವವರು ದೇಶದ ಗಡಿಯೊಳಗೆ ಆಡಳಿತ ಭಾಷೆಯ ಬಣ್ಣ ತುಂಬುತ್ತಾರೆ, ಅಷ್ಟೇ.

ಕ್ಲುಜ್ ಕನ್ನಡಿಗ:
ಸಂದೇಹಿಯವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಹಳದಿ ತೇಪೆಯೇ ತಪ್ಪು. ನಾನು ಸಂಶೋಧನೆಗಾಗಿ ನಾಲ್ಕು ವರ್ಷದಿಂದ ರೊಮೇನಿಯದ ಕ್ಲುಜ್ ನಗರದಲ್ಲಿದ್ದೇನೆ. ಇಲ್ಲಿನ ಹಂಗೇರಿಯನ್ನರು ಈ ಊರನ್ನು ಕೊಲೊಜ್ವಾರ್ ಎನ್ನುತ್ತಾರೆ. ನನ್ನ ಬೀದಿಯ ಬ್ರೆಡ್ ಅಂಗಡಿಯಲ್ಲಿ ಕೆಲಸ ಮಾಡುವ ವಯಸ್ಸಾದ ಹೆಂಗಸು ನನಗೆ ರೊಮೇನಿಯನ್ನಿನಲ್ಲಿ ಚಿಲ್ಲರೆ ಎಣಿಸಿ ಕೊಟ್ಟು, ನನ್ನ ಹಿಂದೆ ನಿಂತವರ ಮುಖ ನೋಡಿದ ಕೂಡಲೇ "ಯೋ ನಪೊತ್" ಎಂದು ಹಂಗೇರಿಯನ್ನಿಗೆ ತಿರುಗುತ್ತಾರೆ. ಈ ತಿರುವನ್ನು ಯಾವ ನಕಾಶೆಯಲ್ಲಿಯೂ ಕಾಣಲಾಗದು.

ಮೊದಲ ಮಹಾಯುದ್ಧದ ನಂತರ 1920ರ ಜೂನ್ 4ರಂದು ಆದ ತ್ರಿಯಾನೊನ್ ಒಪ್ಪಂದದಲ್ಲಿ ಹಂಗೇರಿ ತನ್ನ ನೆಲದ ಮೂರನೇ ಎರಡು ಭಾಗವನ್ನು ಕಳೆದುಕೊಂಡಿತು, ಸುಮಾರು 33 ಲಕ್ಷ ಹಂಗೇರಿಯನ್ನರು ಕುಳಿತಲ್ಲೇ ಬೇರೆ ದೇಶಗಳ ಪಾಲಾದರು. ಉಕ್ರೇನಿನಲ್ಲಿರುವ ಬೆರೆಹೊವೆ ಎಂಬ ಪಟ್ಟಣವನ್ನೇ ನೋಡಿ. ಅದು ಮೊದಲು ಆಸ್ಟ್ರಿಯ-ಹಂಗೇರಿಯಲ್ಲಿತ್ತು, ಅನಂತರ ಚೆಕೊಸ್ಲೊವಾಕಿಯಕ್ಕೆ ಹೋಯಿತು, 1938ರಲ್ಲಿ ಮತ್ತೆ ಹಂಗೇರಿಗೆ ಬಂತು, ಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟ ಸೇರಿತು, 1991ರಿಂದ ಉಕ್ರೇನಿನಲ್ಲಿದೆ. ಅಲ್ಲಿ ಹುಟ್ಟಿ ಬೆಳೆದು ಊರು ಬಿಟ್ಟು ಎಲ್ಲಿಯೂ ಹೋಗದ ಮುದುಕಿಯೊಬ್ಬಳು ಐದು ರಾಜ್ಯಗಳ ಪ್ರಜೆಯಾಗಿರಬಹುದು, ಮನೆಯಲ್ಲಿ ಆಡಿದ್ದು ಮಾತ್ರ ಒಂದೇ ಭಾಷೆ.

ಚಂದ್ರಗಿರಿ:
ನಾನು ಕಾಸರಗೋಡಿನವನು. ಮೇಲಿನ ಮಾತು ಓದುವಾಗ ನಮ್ಮಜ್ಜ ನೆನಪಾದರು. 1956ರ ನವೆಂಬರ್ 1ರಂದು ನಮ್ಮ ತಾಲ್ಲೂಕು ಕೇರಳಕ್ಕೆ ಸೇರಿದಾಗ ಅವರೂ ಮನೆ ಬದಲಿಸಲಿಲ್ಲ, ಅಡಿಕೆ ತೋಟವೂ ಅಲ್ಲೇ ಇತ್ತು. ಕಚೇರಿಯಿಂದ ಬರುವ ಕಾಗದದ ಭಾಷೆ ಮಾತ್ರ ಬದಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ ಹೇಳಿದರೂ ಅದು ನಡೆಯಲಿಲ್ಲ. ಆದ್ದರಿಂದ ಹಂಗೇರಿಯನ್ನರ ಸಂಕಟ ನನಗೆ ದೂರದ್ದೆನ್ನಿಸುವುದಿಲ್ಲ.

ಸಂದೇಹಿ:
ಚಂದ್ರಗಿರಿಯವರೇ, ನಿಮ್ಮ ನೋವನ್ನು ಗೌರವಿಸುತ್ತೇನೆ, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾಸರಗೋಡು ಒಂದೇ ದೇಶದೊಳಗಿನ ರಾಜ್ಯದ ಗೆರೆ, ಪಾಸ್‌ಪೋರ್ಟ್ ಬದಲಾಗಲಿಲ್ಲ. ಕ್ಲುಜ್ ಕನ್ನಡಿಗರು ಹೇಳಿದ್ದೂ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಹಂಗೇರಿಯ ಹೊರಗಿನ ಹಂಗೇರಿಯನ್ನರು ಗಡಿಯ ಅಂಚಿನಲ್ಲಿದ್ದಾರೆ, ತೇಪೆಯನ್ನು ಸ್ವಲ್ಪ ಹಿಗ್ಗಿಸಿದರೆ ಕೆಲಸ ಮುಗಿಯಿತು.

ಕ್ಲುಜ್ ಕನ್ನಡಿಗ:
ಮುಗಿಯುವುದಿಲ್ಲ. ಸ್ಲೊವಾಕಿಯದ ದಕ್ಷಿಣದ ಪಟ್ಟಿಗೆ, ಸರ್ಬಿಯದ ವೊಯ್ವೊದಿನಕ್ಕೆ ನಿಮ್ಮ ಮಾತು ಹೊಂದಬಹುದು. ರೊಮೇನಿಯದಲ್ಲಿ ಅತಿ ಹೆಚ್ಚು ಹಂಗೇರಿಯನ್ನರು ಒತ್ತೊತ್ತಾಗಿ ಇರುವುದು ಸೆಕೆಯ್ ಸೀಮೆಯಲ್ಲಿ, ಅಂದರೆ ಹರ್ಗಿತ, ಕೊವಾಸ್ನ ಮತ್ತು ಮುರೆಶ್ ಜಿಲ್ಲೆಗಳಲ್ಲಿ. ಇದು ದೇಶದ ನಟ್ಟನಡುವೆ, ಕಾರ್ಪೇಥಿಯನ್ ಬೆಟ್ಟಗಳ ಮಡಿಲಲ್ಲಿದೆ. ಕೊವಾಸ್ನದ ಮುಖ್ಯ ಪಟ್ಟಣದಿಂದ ಹಂಗೇರಿಯ ಗಡಿ ಮುನ್ನೂರು ಕಿಲೋಮೀಟರಿಗೂ ದೂರ. ಹರ್ಗಿತದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಂಗೇರಿಯನ್ನರು. ಅದೊಂದು ದ್ವೀಪ, ಮೇಡಂ ಅದನ್ನು ಪ್ರತ್ಯೇಕವಾಗಿಯೇ ಬರೆಯಬೇಕು.

ಸುವರ್ಣರೇಖಾ:
ಹಂಗೇರಿಯ ಮಾತೇ ಹೆಚ್ಚಾಯಿತು, ಸಂತಾಲಿಯ ಕಡೆ ಬರೋಣ. ನಾನು ಹನ್ನೊಂದು ವರ್ಷ ಜಾರ್ಖಂಡಿನ ಘಾಟ್‌ಶಿಲಾದಲ್ಲಿ ನೌಕರಿ ಮಾಡಿದವನು. ಅಲ್ಲಿಂದ ಸೈಕಲ್ಲಿನಲ್ಲಿ ಹೊರಟರೂ ಬಂಗಾಳದ ಗಡಿ ಸಿಗುತ್ತದೆ, ಒಡಿಶಾದ ಮಯೂರ್‌ಭಂಜ್ ಕೂಡ ದೂರವಲ್ಲ. ಸಂತಾಲಿ ಈ ಮೂರು ರಾಜ್ಯಗಳು ಕೂಡುವ ಜಾಗದಲ್ಲಿ ಹಬ್ಬಿದೆ.

ಹಬ್ಬಿರುವ ರೀತಿಯನ್ನು ಕಣ್ಣಿಂದ ನೋಡಿದವರಿಗೆ ಮಾತ್ರ ಅಚ್ಚಿನ ನಕಾಶೆ ಯಾಕೆ ಸೋಲುತ್ತದೆ ಎಂಬುದು ಅರ್ಥವಾಗುತ್ತದೆ. ಡಾಂಬರು ರಸ್ತೆಯ ಮೇಲಿನ ಪೇಟೆಯಲ್ಲಿ ಬಂಗಾಳಿ, ಹಿಂದಿ ಕೇಳಿಸುತ್ತವೆ. ಪೇಟೆ ಬಿಟ್ಟು ಗದ್ದೆಯ ಬದುವಿನ ಮೇಲೆ ಅರ್ಧ ಗಂಟೆ ನಡೆದರೆ ಸಂತಾಲರ ಊರು ಬರುತ್ತದೆ. ಉದ್ದನೆಯ ಒಂದೇ ಬೀದಿ, ಅದಕ್ಕೆ ಅವರು ಕುಲ್ಹಿ ಎನ್ನುತ್ತಾರೆ, ಅದರ ಎರಡೂ ಕಡೆ ಕನ್ನಡಿಯಂತೆ ಸಾರಿಸಿ ಬಣ್ಣ ಬಳಿದ ಮಣ್ಣಿನ ಗೋಡೆಗಳು, ಊರಾಚೆ ಸಾಲ ಮರಗಳ ಜಾಹೇರ್ ಎಂಬ ದೇವರ ಬನ. ಆ ಬೀದಿಯಲ್ಲಿ ಕಾಲಿಟ್ಟ ಮೇಲೆ ಸಂತಾಲಿಯಲ್ಲದೆ ಬೇರೆ ಮಾತಿಲ್ಲ. ಆ ಊರು ದಾಟಿದರೆ ಮತ್ತೆ ಮಹತೊಗಳ ಊರು, ಅಲ್ಲಿ ಕುರ್ಮಾಲಿ ಅಥವಾ ಬಂಗಾಳಿ, ಅದನ್ನು ದಾಟಿದರೆ ಭೂಮಿಜರ ಕೇರಿ. ವಾರದ ಸಂತೆಯಲ್ಲಿ ಎಲ್ಲರೂ ಒಂದೆಡೆ ಸೇರುತ್ತಾರೆ. ನನಗೆ ತರಕಾರಿ ಮಾರುತ್ತಿದ್ದ ಹೆಂಗಸು ನನ್ನೊಡನೆ ಹಿಂದಿ, ಪಕ್ಕದ ಬಟ್ಟೆಯ ವ್ಯಾಪಾರಿಯೊಡನೆ ಬಂಗಾಳಿ, ಮಡಿಲಲ್ಲಿದ್ದ ಮಗುವಿನೊಡನೆ ಸಂತಾಲಿ ಆಡುತ್ತಿದ್ದಳು. ಇಂಥ ನೆಲಕ್ಕೆ ಯಾವ ಒಂದು ಬಣ್ಣ ತುಂಬಿದರೂ ಅದು ಸುಳ್ಳಾಗುತ್ತದೆ.

ಅಂಕಿಅಂಶ:
ಸುವರ್ಣರೇಖಾ ಅವರು ಕಂಡದ್ದನ್ನು ಅಂಕಿಗಳೂ ಹೇಳುತ್ತವೆ. ಸಂತಾಲಿ ಅತಿ ಹೆಚ್ಚು ಇರುವ ಜಾರ್ಖಂಡಿನಲ್ಲಿ ಕೂಡ ಅದನ್ನು ಆಡುವವರು ಹತ್ತರಲ್ಲಿ ಒಬ್ಬರು. ಹೆಸರಿನಲ್ಲೇ ಸಂತಾಲರಿರುವ ಸಂತಾಲ್ ಪರಗಣದ ದುಮ್ಕಾ ಜಿಲ್ಲೆಯಲ್ಲಿಯೂ ಅವರು ಅರ್ಧಕ್ಕಿಂತ ಕಡಿಮೆ. ಹೆಚ್ಚು ಮಂದಿಯ ಭಾಷೆಗೆ ಇಡೀ ಜಿಲ್ಲೆಯ ಬಣ್ಣ ಎಂಬ ನಿಯಮ ಇಟ್ಟುಕೊಂಡರೆ 73 ಲಕ್ಷ ಜನ ಕಾಣೆಯಾಗುತ್ತಾರೆ. ಸ್ಲೊವಾಕಿಯದಲ್ಲಿರುವ ಹಂಗೇರಿಯನ್ನರ ಹದಿನೇಳು ಪಟ್ಟು ಜನರ ಭಾಷೆಯದು.

ಮಲೆನಾಡಿನ ಹುಡುಗಿ:
ಎರಡೂ ಭಾಷೆಗಳಿಗೆ ಒಂದಕ್ಕೊಂದು ಸಂಬಂಧವೇನಾದರೂ ಇದೆಯೇ? ಎರಡರಲ್ಲೂ ಪದಕ್ಕೆ ಪ್ರತ್ಯಯಗಳನ್ನು ಪೋಣಿಸುತ್ತಾ ಹೋಗುತ್ತಾರೆ ಎಂದು ಓದಿದ್ದೆ.

ನುಡಿಬೇರು:
ಸಂಬಂಧವಿಲ್ಲ ತಂಗಿ, ಆದರೆ ಇದೆ ಎಂದು ವಾದಿಸಿದವರಿದ್ದರು. ವಿಲ್ಮೊಶ್ ಹೆವೆಶಿ ಎಂಬ ಹಂಗೇರಿಯನ್ 1932ರಲ್ಲಿ ಪುಸ್ತಕವನ್ನೇ ಪ್ರಕಟಿಸಿ, ಸಂತಾಲಿ ಸೇರಿದ ಮುಂಡಾ ಭಾಷೆಗಳು ಹಂಗೇರಿಯನ್ ಸೇರಿದ ಫಿನ್ನೊ-ಉಗ್ರಿಕ್ ಕುಟುಂಬಕ್ಕೆ ಸೇರಿದವು ಎಂದು ಪ್ರತಿಪಾದಿಸಿದರು. ವಿದ್ವಾಂಸರು ಅದನ್ನು ಒಪ್ಪಲಿಲ್ಲ. ನಮ್ಮ ದ್ರಾವಿಡ ಭಾಷೆಗಳನ್ನೂ ಅದೇ ದಿಕ್ಕಿಗೆ ಎಳೆದವರುಂಟು. ಕಾಲ್ಡ್‌ವೆಲ್ 1856ರ ತಮ್ಮ ವ್ಯಾಕರಣದಲ್ಲಿ ಕನ್ನಡ, ತಮಿಳುಗಳಿಗೆ ಫಿನ್ನಿಶ್, ಹಂಗೇರಿಯನ್, ತುರ್ಕಿಗಳೊಡನೆ ನಂಟು ಹುಡುಕಿದ್ದರು. ಪ್ರತ್ಯಯ ಪೋಣಿಸುವ ರೀತಿ ಒಂದೇ ಎಂಬುದು ನೆಂಟಸ್ತಿಕೆಗೆ ಸಾಕ್ಷಿಯಾಗುವುದಿಲ್ಲ. ಹಂಗೇರಿಯನ್ನಿನಲ್ಲಿ "ಹಾಜ್" ಎಂದರೆ ಮನೆ, "ಹಾಜ್‌ಬನ್" ಎಂದರೆ ಮನೆಯಲ್ಲಿ. ನಾವೂ ಹಾಗೆಯೇ ಮಾಡುತ್ತೇವೆ, ಆದರೂ ನಾವು ಹಂಗೇರಿಯನ್ನರ ದಾಯಾದಿಗಳಲ್ಲ.

ಸಂತಾಲಿಯ ನಿಜವಾದ ಬಂಧುಗಳು ಪೂರ್ವಕ್ಕಿದ್ದಾರೆ. ನಾಲ್ಕು ಎಂಬುದಕ್ಕೆ ಸಂತಾಲಿಯಲ್ಲಿ "ಪೊನ್", ವಿಯೆಟ್ನಾಮಿಯಲ್ಲಿ "ಬೊನ್", ಕಾಂಬೋಡಿಯದ ಖ್ಮೇರ್ ಭಾಷೆಯಲ್ಲಿ "ಬುಅನ್". ಹಂಗೇರಿಯನ್ನಿಗೆ ತೀರ ಹತ್ತಿರದ ಭಾಷೆಗಳಾದ ಖಾಂತಿ, ಮಾನ್ಸಿಗಳನ್ನು ಆಡುವವರು ಪಶ್ಚಿಮ ಸೈಬೀರಿಯದ ಓಬ್ ನದಿಯ ಆಸುಪಾಸಿನಲ್ಲಿದ್ದಾರೆ, ಇಂದು ಅವರು ಕೆಲವೇ ಸಾವಿರ. ಹೀಗೆ ಎರಡೂ ಭಾಷೆಗಳು ತಮ್ಮ ಬಳಗದಿಂದ ಬಹುದೂರ ಬಂದು ಬೇರೆ ಕುಟುಂಬಗಳ ನಡುವೆ ನೆಲೆ ನಿಂತವು. ನನ್ನ ಮಟ್ಟಿಗೆ ಇವುಗಳ ನಡುವಿನ ದೊಡ್ಡ ಹೋಲಿಕೆ ಇದೇ.

ಇನ್ನೊಂದು ಮಾತು ಕನ್ನಡಿಗರಿಗಾಗಿ. ಸಂತಾಲ್ ಪರಗಣದ ರಾಜಮಹಲ್ ಬೆಟ್ಟಗಳ ಮೇಲೆ ಪಹಾಡಿಯಾ ಜನ ಆಡುವ ಮಾಲ್ತೊ ದ್ರಾವಿಡ ಭಾಷೆ. ಜಾರ್ಖಂಡಿನ ಒರಾಂವರ ಕುರುಖ್ ಕೂಡ ದ್ರಾವಿಡವೇ. ಕುರುಖಿನಲ್ಲಿ ನಾನು ಎಂಬುದಕ್ಕೆ "ಏನ್", ನೀನು ಎಂಬುದಕ್ಕೆ "ನೀನ್", ಹಲ್ಲಿಗೆ "ಪಲ್ಲ್" ಎನ್ನುತ್ತಾರೆ. ನಮ್ಮ ಹಳಗನ್ನಡದಲ್ಲಿಯೂ ಹಲ್ಲು "ಪಲ್" ಆಗಿತ್ತು. ಸಂತಾಲರ ಊರಿನಿಂದ ಬೆಟ್ಟ ಹತ್ತಿದರೆ ಕನ್ನಡದ ದೂರದ ಒಡಹುಟ್ಟಿದವರ ಮನೆ ಸಿಗುತ್ತದೆ.

ಮಲೆನಾಡಿನ ಹುಡುಗಿ:
ಇದು ನನಗೆ ಗೊತ್ತೇ ಇರಲಿಲ್ಲ. ಬಹಳ ಧನ್ಯವಾದಗಳು ಅಣ್ಣಾ.

ಹಳೆಯ ಪುಟ:
ಸಂತಾಲರು ಬೆಟ್ಟದ ಬುಡಕ್ಕೆ ಬಂದ ಕಾಲ ನಮಗೆ ಹೆಚ್ಚುಕಡಿಮೆ ಖಚಿತವಾಗಿಯೇ ತಿಳಿದಿದೆ. 1830ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ರಾಜಮಹಲ್ ಬೆಟ್ಟಗಳ ಸುತ್ತ ದಾಮಿನ್-ಇ-ಕೋಹ್ ಎಂಬ ಪ್ರದೇಶವನ್ನು ಗುರುತಿಸಿ, ಕಾಡು ಕಡಿದು ಸಾಗುವಳಿ ಮಾಡಲು ಸಂತಾಲರನ್ನು ಕರೆತಂದು ನೆಲೆಗೊಳಿಸಿತು. ಅವರು ನೆಲ ಹಸನು ಮಾಡಿದ ಮೇಲೆ ಬಂದವರು ಬಡ್ಡಿ ಸಾಹುಕಾರರು ಮತ್ತು ಜಮೀನ್ದಾರರು. ಆ ಸುಲಿಗೆಯ ವಿರುದ್ಧ 1855ರಲ್ಲಿ ಭೋಗ್ನಾಡಿಹ್ ಗ್ರಾಮದಿಂದ ಸಿದೊ ಮತ್ತು ಕಾನ್ಹು ಮುರ್ಮು ಸಹೋದರರ ನೇತೃತ್ವದಲ್ಲಿ ಹುಲ್ ಎಂಬ ದಂಗೆ ಎದ್ದಿತು. ಅದನ್ನು ಕ್ರೂರವಾಗಿ ಹತ್ತಿಕ್ಕಿದ ಬಳಿಕವೇ ಸಂತಾಲ್ ಪರಗಣ ಎಂಬ ಜಿಲ್ಲೆ ರಚನೆಯಾಯಿತು. ಅನಂತರ ಅಸ್ಸಾಮಿನ ಮತ್ತು ಉತ್ತರ ಬಂಗಾಳದ ಚಹಾ ತೋಟಗಳಿಗೆ ಕೂಲಿಗಳಾಗಿ ಹೋದವರು ಭಾಷೆಯನ್ನೂ ಒಯ್ದರು. ಇತ್ತ ದಿನಾಜ್‌ಪುರದ ಕಡೆ ನೆಲ ಉಳಲು ಹೋದವರ ನಡುವೆ 1947ರಲ್ಲಿ ದೇಶದ ಗಡಿಯೇ ಬಂದು ನಿಂತಿತು.

ಇಲ್ಲಿಯೇ ಹಂಗೇರಿಯ ನೆನಪೊಂದನ್ನು ಹೇಳಬೇಕು. ಸೆಕೆಯ್ ಸೀಮೆಯ ಕೊರೊಶ್ ಎಂಬ ಹಳ್ಳಿಯ ಚೋಮ ಎಂಬ ವಿದ್ವಾಂಸ ತನ್ನ ಜನರ ಮೂಲ ಹುಡುಕಲೆಂದು ಬಹುಭಾಗ ಕಾಲ್ನಡಿಗೆಯಲ್ಲಿಯೇ ಏಷ್ಯಾಕ್ಕೆ ಬಂದರು. ಲಡಾಖ್ ಸೀಮೆಯ ಬೌದ್ಧ ವಿಹಾರಗಳಲ್ಲಿ ಕುಳಿತು ಟಿಬೆಟನ್ ಕಲಿತು, 1834ರಲ್ಲಿ ಅದರ ನಿಘಂಟನ್ನು ಪ್ರಕಟಿಸಿದರು. 1842ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡರು, ಸಮಾಧಿ ಅಲ್ಲಿಯೇ ಇದೆ. ಆ ಬೆಟ್ಟದ ಕೆಳಗಿನ ತೆರಾಯಿ ಬಯಲಿನ ಚಹಾ ತೋಟಗಳಲ್ಲಿ ಇಂದು ಸಂತಾಲಿ ಕೇಳಿಸುತ್ತದೆ.

ಸಂದೇಹಿ:
ಒಪ್ಪಿಕೊಳ್ಳುತ್ತೇನೆ, ನನ್ನ ಮೊದಲ ಉತ್ತರ ಸಾಲದು. ಹಂಗೇರಿಯನ್ನರು ಇದ್ದಲ್ಲೇ ಇದ್ದರು, ಗಡಿ ಅವರ ಮೇಲೆ ಹಾದುಹೋಯಿತು. ಸಂತಾಲರಲ್ಲಿ ಅನೇಕರನ್ನು ಹೊಟ್ಟೆಪಾಡು ಊರೂರಿಗೆ ಒಯ್ದಿತು, ಅವರು ನಿಂತಲ್ಲೆಲ್ಲ ಅದಾಗಲೇ ಬೇರೆಯವರ ಹೆಸರಿನ ಬಣ್ಣವಿತ್ತು. ಆದರೂ ನನ್ನದೊಂದು ಪ್ರಶ್ನೆ ಉಳಿದಿದೆ. ದುಡಿಯಲು ಹೋದ ಜಾಗವನ್ನೆಲ್ಲ ಭಾಷೆಯ ನೆಲೆ ಎಂದು ಬರೆಯಬೇಕೆ? ಹಾಗಾದರೆ ಕನ್ನಡಕ್ಕೆ ಅಮೆರಿಕದಲ್ಲಿಯೂ ಬಣ್ಣ ಹಚ್ಚಬೇಕಾದೀತು.

ಸುವರ್ಣರೇಖಾ:
ಅಸ್ಸಾಮಿನ ಸಂತಾಲರು ನಾಲ್ಕೈದು ತಲೆಮಾರಿನಿಂದ ಅಲ್ಲಿಯೇ ಇದ್ದಾರೆ, ಅಲ್ಲಿಯೇ ಜಾಹೇರ್ ಮಾಡಿಕೊಂಡಿದ್ದಾರೆ, ಮಕ್ಕಳೊಡನೆ ಸಂತಾಲಿಯನ್ನೇ ಆಡುತ್ತಾರೆ. ಅದನ್ನು ನೆಲೆ ಎನ್ನದೆ ಬೇರೇನೆನ್ನುವುದು?

ಕೆ.ಆರ್. ಪುರದವನು:
ನಮ್ಮ ಬಡಾವಣೆಯಲ್ಲಿ ಕಟ್ಟುತ್ತಿರುವ ದೊಡ್ಡ ವಸತಿ ಸಮುಚ್ಚಯದ ಕೆಲಸಗಾರರನ್ನು ಎಲ್ಲರೂ "ಹಿಂದಿಯವರು" ಎನ್ನುತ್ತಾರೆ. ಕಳೆದ ವರ್ಷ ಸಿಮೆಂಟ್ ಹೊರುತ್ತಿದ್ದ ಮಯೂರ್‌ಭಂಜಿನ ಇಬ್ಬರು ಹುಡುಗರೊಡನೆ ಚಹಾ ಕುಡಿಯುತ್ತಾ ಮಾತಾಡಿದೆ. ನನ್ನೊಡನೆ ಆಡಿದ್ದು ತಡವರಿಸುವ ಹಿಂದಿ, ಮನೆಗೆ ಫೋನ್ ಮಾಡಿದಾಗ "ಜೋಹಾರ್" ಎಂದು ಶುರು ಮಾಡಿ ಪೂರ್ತಿ ಸಂತಾಲಿ. ಒಬ್ಬನು ತನ್ನ ಫೋನಿನಲ್ಲಿ ಓಲ್ ಚಿಕಿ ಅಕ್ಷರದ ಕೀಲಿಮಣೆಯನ್ನು ತೆರೆದು ತನ್ನ ಹೆಸರು ಬರೆದು ತೋರಿಸಿದ. ಬೆಂಗಳೂರಿಗೆ ಬಣ್ಣ ಹಚ್ಚಿ ಎಂದು ಹೇಳುತ್ತಿಲ್ಲ, ನಮ್ಮ ಕಿವಿಯೇ ಮೊದಲು ಸಂತಾಲಿಯನ್ನು ಅಳಿಸಿಹಾಕುತ್ತದೆ ಎನ್ನುತ್ತಿದ್ದೇನೆ.

ನುಡಿಬೇರು:
ಓಲ್ ಚಿಕಿಯ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು. ಮಯೂರ್‌ಭಂಜಿನವರೇ ಆದ ಪಂಡಿತ ರಘುನಾಥ ಮುರ್ಮು 1925ರಲ್ಲಿ ಅದನ್ನು ರೂಪಿಸಿದರು, ಅದರಲ್ಲಿ ಮೂವತ್ತು ಅಕ್ಷರಗಳಿವೆ. ಅದಕ್ಕೆ ಮುಂಚೆ ಮಿಷನರಿಗಳ ರೋಮನ್ ಬರವಣಿಗೆ ಇತ್ತು, ನಾರ್ವೆಯ ಬೋಡಿಂಗ್ ಅವರ ಐದು ಸಂಪುಟಗಳ ಸಂತಾಲಿ ನಿಘಂಟು ಆ ಲಿಪಿಯಲ್ಲಿದೆ. ಬಂಗಾಳಿ, ದೇವನಾಗರಿ, ಒಡಿಯ ಲಿಪಿಗಳಲ್ಲಿಯೂ ಬರೆಯುತ್ತಾರೆ. ಬಾಂಗ್ಲಾದೇಶದಲ್ಲಿ ಪಠ್ಯಪುಸ್ತಕ ರೋಮನ್‌ನಲ್ಲಿರಬೇಕೋ ಬಂಗಾಳಿಯಲ್ಲೋ ಎಂಬ ಜಗಳದಲ್ಲಿ ಮಕ್ಕಳ ಪುಸ್ತಕವೇ ಹಿಂದೆ ಬಿತ್ತು. ಒಂದೇ ಭಾಷೆಯ ಅಣ್ಣತಮ್ಮಂದಿರು ಪರಸ್ಪರ ಕಾಗದ ಓದಲಾರರು ಎಂದರೆ ಚದುರಿದ ನೆಲೆಯ ನಷ್ಟ ಎಷ್ಟೆಂದು ತಿಳಿಯುತ್ತದೆ. ಹಂಗೇರಿಯನ್ನರು ಎಷ್ಟು ದೇಶಗಳಲ್ಲಿ ಹರಿದುಹೋದರೂ ಕ್ಲುಜಿನ ಮಗು ಬುಡಾಪೆಸ್ಟಿನ ಪುಸ್ತಕವನ್ನು ತೆರೆದು ಓದಬಲ್ಲದು.

ಕ್ಲುಜ್ ಕನ್ನಡಿಗ:
ನಿಜ. ಇಲ್ಲಿ ಕಾನೂನಿನ ಆಸರೆಯೂ ಇದೆ. ಊರಿನಲ್ಲಿ ನೂರಕ್ಕೆ ಇಪ್ಪತ್ತು ಮಂದಿ ಹಂಗೇರಿಯನ್ನರಿದ್ದರೆ ಫಲಕದಲ್ಲಿ ಆ ಭಾಷೆಯ ಹೆಸರೂ ಇರಬೇಕೆಂಬ ನಿಯಮ 2001ರಿಂದ ಇದೆ. ವಿಶ್ವವಿದ್ಯಾಲಯದಲ್ಲಿ ಹಂಗೇರಿಯನ್ ಮಾಧ್ಯಮದ ತರಗತಿಗಳಿವೆ.

ಹಳೆಯ ಪುಟ:
ಸಂತಾಲಿಗೂ ಆಸರೆ ಬಂದಿದೆ, ತಡವಾಗಿ. 2003ರ 92ನೇ ತಿದ್ದುಪಡಿಯಲ್ಲಿ ಬೋಡೊ, ಡೋಗ್ರಿ, ಮೈಥಿಲಿಗಳೊಡನೆ ಅದು ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಅಷ್ಟಾದರೂ ನಮ್ಮ ಜೇಬಿನ ನೋಟಿನ ಮೇಲಿರುವ ಭಾಷೆಗಳ ಸಾಲಿನಲ್ಲಿ ಅದು ಇನ್ನೂ ಇಲ್ಲ.

ಅಂಕಿಅಂಶ:
ಮೇಡಂ, ಗೋಡೆಗೆ ನನ್ನ ಸಲಹೆ ಇಷ್ಟು. ಬಣ್ಣ ತುಂಬುವುದನ್ನೇ ಬಿಡಿ. ಎರಡೂ ಪ್ರದೇಶಗಳನ್ನು ಒಂದೇ ಅಳತೆಯಲ್ಲಿ ಅಕ್ಕಪಕ್ಕ ದೊಡ್ಡದಾಗಿ ಬರೆದು, ಒಂದು ಲಕ್ಷ ಜನಕ್ಕೆ ಒಂದು ಚುಕ್ಕೆ ಎಂಬ ಒಂದೇ ನಿಯಮವನ್ನು ಎರಡಕ್ಕೂ ಹಾಕಿ. ಜಾರ್ಖಂಡಿಗೆ 33, ಬಂಗಾಳಕ್ಕೆ 24, ಒಡಿಶಾಕ್ಕೆ 9, ಬಿಹಾರಕ್ಕೆ 5, ಅಸ್ಸಾಮಿಗೆ 2. ಆ ಕಡೆ ಹಂಗೇರಿಗೆ 96, ರೊಮೇನಿಯಕ್ಕೆ 10, ಸ್ಲೊವಾಕಿಯಕ್ಕೆ 4, ಸರ್ಬಿಯಕ್ಕೆ 2, ಉಕ್ರೇನಿಗೆ 2.

ಶಾಲೆಯಂಗಳ:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಮಧ್ಯಾಹ್ನ ಕೆಲಸ ಮುಗಿಯಿತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಮಕ್ಕಳು ಚುಕ್ಕೆಗಳನ್ನಿಟ್ಟರು. ಹಂಗೇರಿಯೊಳಗಿನ ತೊಂಬತ್ತಾರು ಹಳದಿ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡವು, ರೊಮೇನಿಯದ ನಡುವಿನ ಸೆಕೆಯ್ ದ್ವೀಪ ಬೇರೆಯಾಗಿಯೇ ಕಾಣುತ್ತದೆ. ಸಂತಾಲಿಯ ಹಸಿರು ಚುಕ್ಕೆಗಳನ್ನು ಸಾಹಿಬ್‌ಗಂಜಿನಿಂದ ಮಯೂರ್‌ಭಂಜಿನವರೆಗೆ ಇಳಿಬಿಟ್ಟೆವು, ಅವುಗಳ ಸಂದಿಯಲ್ಲಿ ಹಿಂದಿ, ಬಂಗಾಳಿ, ಒಡಿಯಗಳ ಬಣ್ಣ ಹಾಗೆಯೇ ಉಳಿದಿದೆ. ನೇಪಾಳಕ್ಕೆ ಅರ್ಧ ಚುಕ್ಕೆ ಇಟ್ಟೆವು, ಬಾಂಗ್ಲಾದೇಶಕ್ಕೆ ಒಂದು.

ಆ ಹುಡುಗಿ ನುಡಿಬೇರು ಅವರ ಬರಹವನ್ನು ನನ್ನ ಫೋನಿನಲ್ಲಿ ಎರಡು ಸಲ ಓದಿದಳು. ಆಮೇಲೆ ಕನ್ನಡಕ್ಕೆಂದು ಕಲಸಿಟ್ಟಿದ್ದ ಕೆಂಪಿಗೆ ಸ್ವಲ್ಪ ಬಿಳಿ ಬೆರೆಸಿ ತಿಳಿಗೊಳಿಸಿ, ರಾಜಮಹಲ್ ಬೆಟ್ಟದ ಮೇಲೆ ಮಾಲ್ತೊಗೆ ಎರಡು ಚುಕ್ಕೆ ಇಟ್ಟಳು. ಕುರುಖ್ ಆಡುವವರ ಲೆಕ್ಕ ಇದ್ದವರು ಸೋಮವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ. ಆ ಬಣ್ಣವನ್ನು ಮುಚ್ಚಿ ಎತ್ತಿಟ್ಟಿದ್ದೇವೆ.